‘ಜೋಲೀನ್’ ಮೊದಲ ಸ್ಥಾನಕ್ಕೆ ಏರಿತ್ತೇ?

ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತೆಂದು ಒಂದೆಡೆ, 60ನೇ ಸ್ಥಾನದಲ್ಲೇ ನಿಂತಿತೆಂದು ಇನ್ನೊಂದೆಡೆ ಓದಿದ್ದೀರಿ, ಯಾವುದು ಸರಿಯೆಂದು ಕೇಳಿದ್ದೀರಿ. ಎರಡೂ ಸರಿಯೇ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್, ಕಂಟ್ರಿ ಹಾಡುಗಳಿಗೆಂದೇ (ಆ ದೇಶದ ಗ್ರಾಮೀಣ ಜನಪದ ಮೂಲದ ಹಾಡುಗಳಿಗೆಂದೇ) ಪ್ರತ್ಯೇಕ ಪಟ್ಟಿಯನ್ನು ಪ್ರಕಟಿಸುತ್ತದೆ. 1973ರ ಕೊನೆಯಲ್ಲಿ ಬಿಡುಗಡೆಯಾದ ಈ ಹಾಡು 1974ರ ಆರಂಭದಲ್ಲಿ ಅದರ ಅಗ್ರಸ್ಥಾನಕ್ಕೇರಿತಾದರೂ, ಎಲ್ಲ ಬಗೆಯ ಹಾಡುಗಳೂ ಪೈಪೋಟಿಗಿಳಿಯುವ ‘ಹಾಟ್ 100’ ಪಟ್ಟಿಯಲ್ಲಿ 60ನ್ನು ದಾಟಲಿಲ್ಲ. ಒಂದೇ ಹೆಸರನ್ನು ನಾಲ್ಕು ಬಾರಿ ಕರೆದು ಅಂಗಲಾಚುವ ಆ ಪಲ್ಲವಿಗೆ ಇದು ಅನ್ಯಾಯವೆಂದೇ ನನ್ನ ಅನಿಸಿಕೆ. ಬ್ರಿಟನ್ನಿನ ಕೇಳುಗರು 1976ರಲ್ಲಿ ಈ ಹಾಡನ್ನು ತಮ್ಮ ದೇಶದ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ತಂದರು. ಡಾಲಿಯವರ ಒಂದೇ ಹಾಡು ಎರಡೂ ಅಮೆರಿಕನ್ ಪಟ್ಟಿಗಳಲ್ಲಿ ಮೊದಲನೆಯದಾಗಲು 1980ರ ಕೊನೆಯಲ್ಲಿ ಬಿಡುಗಡೆಯಾಗಿ 1981ರಲ್ಲಿ ಅಗ್ರಸ್ಥಾನಕ್ಕೇರಿದ ‘ನೈನ್ ಟು ಫೈವ್’ ಬರಬೇಕಾಯಿತು.