1983ರ ತಂಡದ ಸಹಿ ಇರುವ ಬ್ಯಾಟ್: ಅಸಲಿಯೋ ಅಲ್ಲವೋ?

ತಾತನ ಹತ್ತಿರ ಇದ್ದ, 1983ರ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದ ಸಹಿಗಳಿರುವ ಬ್ಯಾಟ್ ಅಸಲಿಯೇ, ಬೆಲೆ ಎಷ್ಟಾಗಬಹುದು ಅಂತ ಕೋಲಾರದಿಂದ ಫೋಟೋ ಕಳಿಸಿ ಕೇಳಿದ್ದೀರಿ. ಹದಿನಾಲ್ಕೂ ಸಹಿಗಳು ಒಂದೇ ದಪ್ಪ, ಒಂದೇ ನೀಲಿ ಅಂತ ಬರೆದಿದ್ದೀರಿ, ಹಾಗಿದ್ದರೆ ಅವು ಬಹುಶಃ ಅಚ್ಚು ಹಾಕಿದವು. ಫೋಟೋ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಮೊದಲು ಕೋಲಾರದ ಪೇಟೆಯಲ್ಲಿ ಯಾರಾದರೂ ಅಕ್ಕಸಾಲಿಗರ ಹತ್ತಿರ ಅವರು ಕಣ್ಣಿಗೆ ಹಿಡಿಯುವ ಭೂತಗನ್ನಡಿ ಕೇಳಿ, ಕಪಿಲ್ ಸಹಿಯಲ್ಲಿ ಗೆರೆ ಗೆರೆಯನ್ನು ದಾಟುವ ಜಾಗ ನೋಡಿ. ಪೆನ್ನಿನ ಶಾಯಿ ಅಲ್ಲಿ ಗಾಢವಾಗಿರುತ್ತದೆ, ಮರದ ಎಳೆಗುಂಟ ಸ್ವಲ್ಪ ಹರಡಿರುತ್ತದೆ. ಅಚ್ಚಾದರೆ ಎಲ್ಲಾ ಕಡೆ ಒಂದೇ ಸಮ, ಇಲ್ಲವೇ ಸಣ್ಣ ಸಣ್ಣ ಚುಕ್ಕಿಗಳು. ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಬಾಲ್‌ಪೆನ್ ಆಗಿದ್ದರೆ ಮರದಲ್ಲಿ ತಗ್ಗು ಕಾಣಬಹುದು, ಮಾರ್ಕರ್ ಆದರೆ ಕಾಣದು. ಸ್ಪಿರಿಟ್ ಹಚ್ಚಿ ಉಜ್ಜಿ ನೋಡುವವರಿದ್ದಾರೆ, ದಯವಿಟ್ಟು ಬೇಡ, ಅಸಲಿಯಾಗಿದ್ದರೂ ಅಳಿಸಿ ಹೋಗುತ್ತದೆ!

ಶಾಯಿ ಪಾಸಾದರೆ ಬಿನ್ನಿ, ಕಿರ್ಮಾನಿ ಸಹಿಗಳನ್ನು ಅದೇ ಕಾಲದ ಬೇರೆ ಸಹಿಗಳ ಜೊತೆ ಹೋಲಿಸಿ, ಈಗಿನವುಗಳ ಜೊತೆ ಅಲ್ಲ, ಏಕೆಂದರೆ ವಯಸ್ಸಾದಂತೆ ಸಹಿ ಬದಲಾಗುತ್ತದೆ. ತಾತನಿಗೆ ಬ್ಯಾಟ್ ಯಾರು ಕೊಟ್ಟರು, ಪತ್ರ, ಹಳೆ ಫೋಟೋ ಏನಾದರೂ ಇದೆಯಾ ಅಂತ ಮನೆಯಲ್ಲಿ ಹುಡುಕಿ. ಬೆಲೆಗೆ ಇದೇ ಆಧಾರ, ಬರೀ ಸರ್ಟಿಫಿಕೇಟ್ ಚೀಟಿ ಯಾರು ಬೇಕಾದರೂ ಮುದ್ರಿಸಬಹುದು ಅಲ್ವಾ. ಆನ್‌ಲೈನ್‌ನಲ್ಲಿ ಸುಮ್ನೆ ಹಾಕಿರುವ ಬೆಲೆ ಬಿಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಅಲ್ಲಿಯವರೆಗೆ ಬಿಸಿಲು ಬೀಳದ ಕಡೆ ಇಡಿ, ವಾರ್ನಿಷ್ ಹೊಡೆಯಬೇಡಿ.