ಬೆಳಗಿನ ಹಿಮ ಬೇರೆ, ಮಧ್ಯಾಹ್ನದ ಹಿಮ ಬೇರೆ: ಸ್ಕೀಯಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಿದ್ದು ಪೆಟ್ಟು ಮಾಡಿಕೊಂಡವರದ್ದು, ಇಲ್ಲವೇ ಬೀಳುವ ಭಯ ಇರುವವರದ್ದು. ಎಲ್ಲವನ್ನೂ ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಕಡಿದಾದ ಇಳಿಜಾರಿನ ಬಗ್ಗೆ ಎಲ್ಲರಿಗೂ ಎಚ್ಚರ ಇದೆ. ಕಾಲಡಿಯ ಹಿಮ ಗಂಟೆಗಂಟೆಗೂ ಬದಲಾಗುತ್ತದೆ ಅನ್ನುವುದರ ಬಗ್ಗೆ ಅಷ್ಟು ಎಚ್ಚರ ಇಲ್ಲ. ಹಾಗಾಗಿ ಉತ್ತರಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ಪ್ರಶ್ನೆ: ಬೆಳಿಗ್ಗೆ ಆರಾಮಾಗಿ ಇಳಿದ ಜಾಗದಲ್ಲೇ ಊಟ ಆದಮೇಲೆ ಇಳಿಯುವಾಗ ಮುಗ್ಗರಿಸಿ ಬಿದ್ದೆ. ಅದೇ ಇಳಿಜಾರು, ಅದೇ ಸ್ಕೀ, ವೇಗವೂ ಅಷ್ಟೇ. ಮಂಡಿ ಉಳುಕಿ ಎರಡು ವಾರ ಕುಂಟಿದೆ. ಏನು ತಪ್ಪಾಯಿತು?

ಉತ್ತರ: ವೇಗ ಅಷ್ಟೇ ಇದ್ದದ್ದೇ ತೊಂದರೆ. ಬೆಳಿಗ್ಗೆ ನಿಮ್ಮ ಸ್ಕೀ ಕೆಳಗಿದ್ದ ಹಿಮ ಮಧ್ಯಾಹ್ನ ಇರಲಿಲ್ಲ. ಚಳಿಗಾಲ ಮುಗಿಯುತ್ತಾ ಬಂದಾಗ, ಅಥವಾ ಬಿಸಿಲು ಜೋರಾಗಿರುವ ಯಾವುದೇ ದಿನ, ಹೀಗೇ ಆಗುತ್ತದೆ: ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಶಾಖ ಬಿಟ್ಟುಕೊಟ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಜನರನ್ನು ಮೇಲಕ್ಕೆ ಒಯ್ಯುವ ಮೊದಲ ಲಿಫ್ಟ್ ಹೊತ್ತಿಗೆ ಐಸ್ ಆಗಿಯೇ ಇರುತ್ತದೆ, ಬಿಸಿಲು ಬಿದ್ದು ಮೇಲಿನ ಒಂದೆರಡು ಸೆಂಟಿಮೀಟರ್ ಸಡಿಲವಾದಾಗ ಜಾರಲು ಅದಕ್ಕಿಂತ ಚೆಂದದ ಹಿಮ ಇಲ್ಲ, ಆಮೇಲೆ ಇನ್ನೂ ಕರಗಿ ನೀರು ತುಂಬಿದ ಭಾರದ ರಾಡಿಯಾಗುತ್ತದೆ. ಸ್ಲಶ್ ಅನ್ನುವುದು ಇದಕ್ಕೇ. ಈ ರಾಡಿಯಲ್ಲಿ ನೀರಿನ ಪದರ ಸ್ಕೀ ಅಡಿಯನ್ನು ಹಿಡಿದೆಳೆಯುತ್ತದೆ. ಸ್ಕೀ ನಿಧಾನವಾಗುತ್ತದೆ, ಮೈ ನಿಧಾನವಾಗುವುದಿಲ್ಲ. ಅದರ ಜೊತೆಗೆ ಬೆಳಿಗ್ಗೆಯಿಂದ ನೂರಾರು ಜನ ಅದೇ ದಾರಿಯಲ್ಲಿ ತಿರುಗಿ ತಿರುಗಿ ಹಿಮವನ್ನು ಗುಪ್ಪೆ ಗುಪ್ಪೆ ಮಾಡಿರುತ್ತಾರೆ. ಸ್ಕೀಯ ಮುಂತುದಿ ಒಂದು ಗುಪ್ಪೆಯೊಳಗೆ ಹೊಕ್ಕರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಾದ ಒಂದು ಕಡೆ, ಮೈ ಇನ್ನೊಂದು ಕಡೆ. ನಡುವೆ ತಿರುಚಿಕೊಳ್ಳುವುದು ಮಂಡಿ.

ಇನ್ನೂ ಮುಖ್ಯವಾದ ಮಾತು ಒಂದಿದೆ. ಇಡೀ ಇಳಿಜಾರು ಐಸ್ ಆಗಿದ್ದರೂ, ಇಡೀ ಇಳಿಜಾರು ರಾಡಿಯಾಗಿದ್ದರೂ ಹೇಗೋ ಹೊಂದಿಕೊಳ್ಳಬಹುದು. ಜಾಸ್ತಿ ಅಪಾಯ ಇರುವುದು ಒಂದು ಹಿಮ ಮುಗಿದು ಇನ್ನೊಂದು ಶುರುವಾಗುವ ಗೆರೆಯಲ್ಲಿ. ಡಾಂಬರು ರಸ್ತೆಯಲ್ಲಿ ಹೋಗುತ್ತಿದ್ದ ಬೈಕು ಒಮ್ಮೆಲೇ ಮರಳಿಗೆ ಇಳಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಈ ಗೆರೆಗಳು ಎಲ್ಲೆಲ್ಲಿ ಸಿಗುತ್ತವೆ ಅಂತ ಮೊದಲೇ ಊಹಿಸಬಹುದು. ಮರಗಳ ನೆರಳು ಮುಗಿದು ಬಿಸಿಲು ಬೀಳುವ ಕಡೆ. ಗಾಳಿ ಉಜ್ಜಿ ಗಟ್ಟಿಮಾಡಿದ ಏಣು ದಾಟಿ ಗಾಳಿ ತಾಗದ ಬದಿಗೆ ಇಳಿಯುವಾಗ. ಯಂತ್ರದಿಂದ ಸುರಿದ ಹಿಮ ಮುಗಿದು ಆಕಾಶದಿಂದ ಬಿದ್ದ ಹಿಮ ಶುರುವಾಗುವ ಅಂಚಿನಲ್ಲಿ, ಯಾಕೆಂದರೆ ಯಂತ್ರದ ಹಿಮ ಹೆಚ್ಚು ಸಾಂದ್ರ, ಬೇಗ ಗಡುಸಾಗುತ್ತದೆ. ಮತ್ತೆ ಬುಡದ ಕೊನೆಯ ಇನ್ನೂರು ಮೀಟರಿನಲ್ಲಿ. ಅಲ್ಲಿ ಎತ್ತರ ಕಡಿಮೆ, ಸೆಕೆ ಜಾಸ್ತಿ, ಕಾಲು ದಣಿದಿರುತ್ತದೆ, ಇನ್ನೇನು ಮುಗಿಯಿತು ಅಂತ ಮನಸ್ಸೂ ಸಡಿಲವಾಗಿರುತ್ತದೆ.

ಗೆರೆ ಬರುವ ಮೊದಲೇ ವೇಗ ಇಳಿಸಿ. ದಾಟುವ ಕ್ಷಣದಲ್ಲಿ ತಿರುಗಬೇಡಿ, ಬ್ರೇಕ್ ಹಾಕಬೇಡಿ. ಮಂಡಿ, ಪಾದದ ಗಂಟು ಎರಡೂ ಸ್ವಲ್ಪ ಬಾಗಿರಲಿ, ಭಾರ ಪಾದದ ನಡುವೆ ಇರಲಿ, ನೇರವಾಗಿ ದಾಟಿ, ಆಮೇಲೆ ತಿರುಗಿ. ರಾಡಿ ಹಿಮದಲ್ಲಿ ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಸಮನಾಗಿ ಭಾರ ಹಾಕಿ, ತಿರುವುಗಳನ್ನು ದೊಡ್ಡದಾಗಿ, ದುಂಡಗೆ ಮಾಡಿ. ಗಟ್ಟಿ ಹಿಮದಲ್ಲಿ ಮಾಡಿದ ಹಾಗೆ ಚಕ್ಕನೆ ಎಡ್ಜ್, ಅಂದರೆ ಸ್ಕೀ ಅಂಚಿನ ಲೋಹದ ಪಟ್ಟಿ, ಊರಿದರೆ ಸ್ಕೀ ಹೂತುಕೊಳ್ಳುತ್ತದೆ.

ಇಷ್ಟೆಲ್ಲಕ್ಕಿಂತ ಸುಲಭವಾದದ್ದು ಜಾಗ ಬದಲಿಸುವುದು. ಭೂಮಿಯ ಉತ್ತರಾರ್ಧದಲ್ಲಿ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಉತ್ತರಕ್ಕೆ ಮುಖ ಮಾಡಿದ್ದು ಎಷ್ಟೋ ದಿನ ತಣ್ಣಗೇ ಉಳಿಯುತ್ತದೆ. ಮ್ಯಾಪ್‌ನಲ್ಲಿ ದಿಕ್ಕು ನೋಡಿಕೊಂಡು ಸೂರ್ಯನ ಹಿಂದೆ ಹೋದರೆ ಒಳ್ಳೆಯ ಹಿಮವೂ ಸಿಗುತ್ತದೆ, ಮಂಡಿಯೂ ಉಳಿಯುತ್ತದೆ.

ಪ್ರಶ್ನೆ: ಐಸ್ ಮೇಲೆ ಬಂದರೆ ನನ್ನ ಕೈಕಾಲು ಬಿಗಿದುಕೊಳ್ಳುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಅದನ್ನು ದೂರದಿಂದಲೇ ಗುರುತಿಸಿ. ಹೊಳೆಯುವ, ಸ್ವಲ್ಪ ನೀಲಿ ಅಥವಾ ಬೂದು ಬಣ್ಣದ ಜಾಗ ಸಾಮಾನ್ಯವಾಗಿ ಐಸ್. ಮಂಕಾದ ಬಿಳಿ ಮೆತ್ತಗಿರುತ್ತದೆ. ಮುಂದೆ ಹೋಗುವವರ ಸ್ಕೀಯಿಂದ ಕರಕರ ಸದ್ದು ಬಂದರೆ ಅದೂ ಸೂಚನೆಯೇ. ಜನ ಉಜ್ಜಿದ ಹಿಮ ಸಾಮಾನ್ಯವಾಗಿ ದಾರಿಯ ಎರಡೂ ಬದಿಗೆ ಸರಿದು ಕೂತಿರುತ್ತದೆ, ಹಾಗಾಗಿ ತಿರುವನ್ನು ಅಲ್ಲಿ ಮಾಡಿ. ನಡುವಿನ ಐಸ್ ಮೇಲೆ ಸುಮ್ನೆ ಜಾರಿಕೊಂಡು ಹೋಗಿ.

ಹೆದರಿದಾಗ ಮೈ ಹಿಂದಕ್ಕೆ ವಾಲುವುದು ಸಹಜ. ಆದರೆ ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗ ಹಿಡಿತ ಬಿಡುತ್ತದೆ, ಮತ್ತೆ ಅದು ನಿಮ್ಮ ಮಾತು ಕೇಳುವುದಿಲ್ಲ. ಕೈ ಮುಂದೆ ಇರಲಿ, ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ತಾಗಿರಲಿ, ಎಡ್ಜ್ ಮೇಲೆ ಭಾರವನ್ನು ನಿಧಾನವಾಗಿ ಹೆಚ್ಚಿಸಿ. ಅಡ್ಡಲಾಗಿ ಕೆಳಕ್ಕೆ ಜಾರುವುದನ್ನು ಸುಲಭದ ಇಳಿಜಾರಿನಲ್ಲಿ ಚೆನ್ನಾಗಿ ಕಲಿತಿಟ್ಟುಕೊಳ್ಳಿ. ನಾಚಿಕೆ ಪಡುವಂಥದ್ದೇನೂ ಇಲ್ಲ, ಎಂಥ ಕೆಟ್ಟ ಜಾಗದಿಂದಲೂ ಅದು ನಿಮ್ಮನ್ನು ಕೆಳಗೆ ಇಳಿಸುತ್ತದೆ.

ಮೊಂಡಾದ ಎಡ್ಜ್ ಇಟ್ಟುಕೊಂಡು ಐಸ್ ಮೇಲೆ ಯಾರು ನಿಂತರೂ ಜಾರುತ್ತಾರೆ. ಬಾಡಿಗೆ ಸ್ಕೀ ಆದರೆ ಕೊಡುವಾಗಲೇ ಎಡ್ಜ್ ನೋಡಿ, ತುಕ್ಕು ಅಥವಾ ಕಚ್ಚು ಇದ್ದರೆ ಬೇರೆ ಕೇಳಿ. ಬಿದ್ದು ಜಾರಲು ಶುರುವಾದರೆ ಕಾಲನ್ನು ಕೆಳಬದಿಗೆ ತನ್ನಿ, ಸ್ಕೀಯನ್ನು ಇಳಿಜಾರಿಗೆ ಅಡ್ಡ ಹಿಡಿದು ಎಡ್ಜ್ ಊರಿ. ಸ್ಕೀ ಕಳಚಿಹೋಗಿದ್ದರೆ ಹೊಟ್ಟೆ ಮೇಲೆ ಹೊರಳಿ, ಕೈ ಮತ್ತು ಬೂಟಿನ ತುದಿ ಊರಿ ಮೈಯನ್ನು ಹಿಮದಿಂದ ಮೇಲೆತ್ತಿ. ಇದನ್ನು ಮೊದಲ ಕ್ಷಣಗಳಲ್ಲೇ ಮಾಡಬೇಕು, ವೇಗ ಏರಿದಮೇಲೆ ಕಷ್ಟ.

ಪ್ರಶ್ನೆ: ಸ್ಕೀ ಪದೇ ಪದೇ ಕಳಚುತ್ತದೆ. ಬೈಂಡಿಂಗ್ ಬಿಗಿ ಮಾಡಿಕೋ ಅಂತ ಗೆಳೆಯ ಹೇಳುತ್ತಾನೆ. ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡುವ ಕೊಂಡಿ. ಎಷ್ಟು ಬಲಕ್ಕೆ ಬಿಡಬೇಕು ಅಂತ ತೋರಿಸುವ ಅದರ ಮೇಲಿನ ಸಂಖ್ಯೆಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ನೀವು ಹೇಗೆ ಸ್ಕೀ ಮಾಡುತ್ತೀರಿ ಅನ್ನುವುದನ್ನು ನೋಡಿ ಲೆಕ್ಕ ಹಾಕುತ್ತಾರೆ. ಇದಕ್ಕೆ ಐಎಸ್‌ಒ 11088 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ವಯಸ್ಸು 50 ದಾಟಿದವರಿಗೆ ಒಂದು ಹಂತ ಸಡಿಲ ಮಾಡುತ್ತಾರೆ. ಗೆಳೆಯನ ಸಂಖ್ಯೆ ಗೆಳೆಯನಿಗೆ ಮಾತ್ರ. ಕೇಳಿದಾಗ ತೂಕವನ್ನೂ ಅನುಭವವನ್ನೂ ಇದ್ದಹಾಗೆ ಹೇಳಿ, ಇಲ್ಲಿ ಸಂಕೋಚ ಪಟ್ಟರೆ ಪೆಟ್ಟು ತಿನ್ನುವುದು ನಿಮ್ಮದೇ ಕಾಲು.

ನಿಮ್ಮದು ಕಳಚಲು ಬೇರೆ ಕಾರಣ ಇರಬಹುದು ಅನ್ನಿಸುತ್ತದೆ. ಒದ್ದೆ ಹಿಮದಲ್ಲಿ ನಡೆದಾಗ ಬೂಟಿನ ಅಡಿ ಹಿಮ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದರ ಮೇಲೇ ಬೈಂಡಿಂಗ್ ಹಾಕಿದರೆ ಟಕ್ ಅಂತ ಸದ್ದು ಬಂದರೂ ಸರಿಯಾಗಿ ಕೂತಿರುವುದಿಲ್ಲ. ಆಗ ಬೇಡದಾಗ ಕಳಚಬಹುದು, ಬೇಕಾದಾಗ ಕಳಚದೆಯೂ ಇರಬಹುದು. ಪ್ರತಿ ಸಲ ಪೋಲ್‌ನಿಂದ, ಅಂದರೆ ಕೈಯಲ್ಲಿ ಹಿಡಿಯುವ ಊರುಗೋಲಿನಿಂದ, ಬೂಟಿನ ಅಡಿ ಕೆರೆದು ಹಾಕಿಕೊಳ್ಳಿ. ಆಮೇಲೂ ಕಳಚಿದರೆ, ಆ ಬೂಟಿಗೆ ಆ ಬೈಂಡಿಂಗ್ ಹೊಂದುತ್ತದೆಯೇ ಅಂತ ತಿಳಿದವರಿಂದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬೈಂಡಿಂಗ್ ಸರಿಯಾಗಿದ್ದರೆ ಮಂಡಿಗೆ ಏನೂ ಆಗುವುದಿಲ್ಲ ಅಲ್ವಾ?

ಉತ್ತರ: ಅಲ್ಲ. ತುಂಬಾ ಜನ ಹಾಗೆ ನಂಬಿದ್ದಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಬೈಂಡಿಂಗ್ ಹುಟ್ಟಿದ್ದು ಕಣಕಾಲಿನ ಮೂಳೆ ಮುರಿಯದಂತೆ ಕಾಪಾಡಲು. ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟನ್ನು, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯನ್ನು, ಅದು ಅಷ್ಟು ಚೆನ್ನಾಗಿ ಕಾಯಲಾರದು.

ಎಸಿಎಲ್ ಹರಿಯುವ ಒಂದು ಸಾಮಾನ್ಯ ರೀತಿ ಹೀಗಿದೆ. ನೀವು ಹಿಂದಕ್ಕೆ ವಾಲುತ್ತೀರಿ, ಸೊಂಟ ಮಂಡಿಗಿಂತ ಕೆಳಗೆ ಇಳಿಯುತ್ತದೆ, ಭಾರವೆಲ್ಲ ಕೆಳಬದಿಯ ಸ್ಕೀಯ ಹಿಂತುದಿಯ ಒಳ ಎಡ್ಜ್ ಮೇಲೆ ಬೀಳುತ್ತದೆ, ಆ ಸ್ಕೀ ತಾನಾಗಿ ಒಳಕ್ಕೆ ತಿರುಗುತ್ತಾ ಬಾಗಿದ ಮಂಡಿಯನ್ನು ತಿರುಚುತ್ತದೆ. ಇದೆಲ್ಲ ನಿಧಾನವಾಗಿ ಹೋಗುತ್ತಿದ್ದರೂ ಆಗಬಹುದು. ಆ ಕ್ಷಣದಲ್ಲಿ ಹೇಗಾದರೂ ಎದ್ದು ನಿಲ್ಲಲು ಹೆಣಗುವುದೇ ದೊಡ್ಡ ಅಪಾಯ. ಕೈ ಮುಂದಕ್ಕೆ ಚಾಚಿ, ಎರಡೂ ಸ್ಕೀ ಹತ್ತಿರ ತನ್ನಿ. ಸರಿಹೋಗದಿದ್ದರೆ ಬಿದ್ದುಬಿಡಿ. ಬಿದ್ದಮೇಲೆ ಕಾಲನ್ನು ನೆಟ್ಟಗೆ ಚಾಚಬೇಡಿ, ಸ್ವಲ್ಪ ಮಡಿಸಿಯೇ ಇಡಿ. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬೇಡಿ. ಇಷ್ಟನ್ನೂ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿ, ಬೀಳುವಾಗ ಯೋಚಿಸಲು ಸಮಯ ಇರುವುದಿಲ್ಲ.

ಹೊರಡುವ ಒಂದೆರಡು ತಿಂಗಳು ಮೊದಲಿಂದ ತೊಡೆಯ ಮುಂಭಾಗ, ಹಿಂಭಾಗ ಎರಡಕ್ಕೂ ವ್ಯಾಯಾಮ ಮಾಡಿ, ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಹಿಂಭಾಗದ ಸ್ನಾಯುವನ್ನು ಎಲ್ಲರೂ ಮರೆಯುತ್ತಾರೆ, ಎಸಿಎಲ್‌ಗೆ ಆಸರೆ ಕೊಡುವುದು ಅದೇ.

ಪ್ರಶ್ನೆ: ಬಿದ್ದಾಗ ಹೆಬ್ಬೆರಳಿಗೇ ಯಾಕೆ ಪೆಟ್ಟಾಗುತ್ತದೆ?

ಉತ್ತರ: ಪೋಲ್ ಕೈಯಲ್ಲೇ ಇರುವಾಗ ಅಂಗೈ ಊರಿದರೆ ಹೆಬ್ಬೆರಳು ಹೊರಕ್ಕೆ ಮುರಿದಂತಾಗಿ ಬುಡದ ಲಿಗಮೆಂಟ್ ಹರಿಯುತ್ತದೆ. ಬೀಳುವಾಗ ಪೋಲ್ ಬಿಟ್ಟುಬಿಡಿ. ಅದರ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೋಡ ಕವಿದ ದಿನ ನೆಲ ಉಬ್ಬಿದೆಯೋ ತಗ್ಗಿದೆಯೋ ಗೊತ್ತೇ ಆಗುವುದಿಲ್ಲ. ಕನ್ನಡಕ ಬದಲಿಸಿದರೆ ಸರಿಹೋಗುತ್ತದಾ?

ಉತ್ತರ: ಸ್ವಲ್ಪ ಮಟ್ಟಿಗೆ. ಗಾಗಲ್ಸ್‌ನ ಗಾಜನ್ನು 0 ಯಿಂದ 4 ರವರೆಗೆ ವಿಂಗಡಿಸುತ್ತಾರೆ. ಬಿಸಿಲಿಗೆ ಹಾಕುವ 3ನೆಯದು ಬೆಳಕಿನ ಶೇಕಡ 8 ರಿಂದ 18 ರಷ್ಟನ್ನು ಮಾತ್ರ ಒಳಗೆ ಬಿಡುತ್ತದೆ, 1ನೆಯದು 43 ರಿಂದ 80 ರಷ್ಟು. ಮೋಡದ ದಿನ 1ನೆಯದು, ಹಳದಿ ಅಥವಾ ಗುಲಾಬಿ ಛಾಯೆಯದು ಹಾಕಿ. ಆದರೆ ನೆರಳೇ ಬೀಳದ ಬೆಳಕಿನಲ್ಲಿ ಯಾವ ಗಾಜೂ ನೆರಳನ್ನು ಹುಟ್ಟಿಸಲಾರದು. ಮರಗಳಿರುವ ದಾರಿಗೆ ಇಳಿಯಿರಿ, ದಾರಿಯಂಚಿನ ಕಂಬಗಳನ್ನು ನೋಡಿಕೊಂಡು ನಿಧಾನವಾಗಿ ಹೋಗಿ. ಮೋಡ ಇದೆ ಅಂತ ಗಾಗಲ್ಸ್ ತೆಗೆಯಬೇಡಿ. ಎತ್ತರ 1,000 ಮೀಟರ್ ಏರಿದರೆ ನೇರಳಾತೀತ ಕಿರಣ ಸುಮಾರು ಶೇಕಡ 10 ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇಕಡ 80 ರವರೆಗೂ ವಾಪಸ್ ಕಣ್ಣಿಗೇ ಎರಚುತ್ತದೆ.

ಪ್ರಶ್ನೆ: ರಾತ್ರಿ ಹಿಮ ಬಿದ್ದು ಬೆಳಿಗ್ಗೆ ಬಿಸಿಲು ಬಂದಿತ್ತು. ಸ್ಕೀ ದಾರಿಯ ಗಡಿಗೆ ಕಟ್ಟಿದ ಹಗ್ಗದ ಆಚೆ ಯಾರೂ ತುಳಿಯದ ಹಿಮ, ಅಲ್ಲಿ ನಾಲ್ಕು ಜನ ಹೋದ ಗುರುತೂ ಇತ್ತು. ನಾವೂ ಹೋಗಬಹುದಿತ್ತಾ?

ಉತ್ತರ: ಹೋಗದಿದ್ದದ್ದು ಒಳ್ಳೆಯದಾಯಿತು. ನಾಲ್ಕು ಜನ ದಾಟಿದ್ದಾರೆ ಅನ್ನುವುದು ಐದನೆಯವರಿಗೆ ಭರವಸೆ ಕೊಡುವುದಿಲ್ಲ. ಹೊಸ ಹಿಮ ಬಿದ್ದು, ಗಾಳಿ ಬೀಸಿ, ಆಮೇಲೆ ಬರುವ ಮೊದಲ ಬಿಸಿಲಿನ ದಿನ ನೋಡಲು ಎಷ್ಟು ಚೆಂದವೋ ಹಿಮಕುಸಿತಕ್ಕೆ ಅಷ್ಟೇ ಅನುಕೂಲ. ಗಾಳಿ ತಂದು ಪೇರಿಸಿದ ಹಿಮದ ಹಲಗೆ ಕೆಳಗಿನ ಹಳೆಯ ಪದರಕ್ಕೆ ಇನ್ನೂ ಬೆಸೆದುಕೊಂಡಿರುವುದಿಲ್ಲ. ಒಬ್ಬರ ಭಾರ ಸಾಕು. ಹೆಚ್ಚಿನ ಕುಸಿತ ಆಗುವುದು 30 ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡಲು ಜನ ಹುಡುಕುವ ಇಳಿಜಾರಿನಲ್ಲೇ. ವಸಂತದಲ್ಲಿ ಇನ್ನೊಂದು ಬಗೆ ಇದೆ. ಮಧ್ಯಾಹ್ನದ ಹೊತ್ತಿಗೆ ಬೂಟು ಪೂರ್ತಿ ಹೂತುಹೋಗುವಷ್ಟು ಹಿಮ ಮೆತ್ತಗಾಗಿದ್ದರೆ, ಮೇಲಿಂದ ಹಿಮದ ಉಂಡೆಗಳು ತಾವಾಗಿ ಉರುಳುತ್ತಿದ್ದರೆ, ಒದ್ದೆ ಹಿಮ ಜಾರಲು ತಯಾರಾಗಿದೆ ಅಂತಲೇ ತಿಳಿಯಿರಿ.

ಹಿಮಕುಸಿತದ ಎಚ್ಚರಿಕೆಯನ್ನು 1 ರಿಂದ 5 ರ ಮಟ್ಟದಲ್ಲಿ ಪ್ರಕಟಿಸುತ್ತಾರೆ. 3 ಅಂದರೆ ನಡುವಿನದ್ದು, ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಆ ಮಟ್ಟದಲ್ಲಿ ಒಬ್ಬ ಸ್ಕೀಯರ್ ಭಾರಕ್ಕೇ ಇಳಿಜಾರು ಕುಸಿಯಬಹುದು, ಸಾವುಗಳೂ 3ನೇ ಮಟ್ಟದ ದಿನಗಳಲ್ಲಿ ತುಂಬಾ ಆಗಿವೆ. ಹಗ್ಗದ ಆಚೆ ಹೋಗುವವರ ಹತ್ತಿರ 457 ಕಿಲೋಹರ್ಟ್ಸ್ ತರಂಗದ ಟ್ರಾನ್ಸೀವರ್ (ಹೂತವರು ಎಲ್ಲಿದ್ದಾರೆ ಅಂತ ರೇಡಿಯೊ ಸಂಕೇತದಿಂದ ಹುಡುಕುವ ಸಾಧನ), ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಮೂರೂ ಇರಬೇಕು, ಬಳಸಲೂ ಬರಬೇಕು, ಜೊತೆಗೆ ಇನ್ನೊಬ್ಬರು ಇರಬೇಕು. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಅರ್ಧ ಗಂಟೆ ದಾಟಿದರೆ ತೀರಾ ಕಡಿಮೆ. ಹೊರಗಿನ ಸಹಾಯ ಅಷ್ಟರಲ್ಲಿ ಬರುವುದು ಅಪರೂಪ. ಇದ್ಯಾವುದೂ ಇಲ್ಲದಿದ್ದರೆ ಹಗ್ಗದ ಒಳಗೇ ಇರಿ.

ಪ್ರಶ್ನೆ: ಹಿಂದಿನಿಂದ ಬಂದವರೊಬ್ಬರು ಗುದ್ದಿ, ನೀವು ಸಡನ್ನಾಗಿ ತಿರುಗಿದಿರಿ ಅಂತ ನನಗೇ ಬೈದರು. ತಪ್ಪು ಯಾರದ್ದು?

ಉತ್ತರ: ಹಿಂದಿನಿಂದ ಬಂದವರದ್ದು. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಷನ್ನಿನ, ಅಂದರೆ ಫಿಸ್‌ನ 10 ನಿಯಮಗಳಲ್ಲಿ ಇದು ಸ್ಪಷ್ಟ: ಮುಂದಿರುವವರಿಗೆ ಅಪಾಯ ಆಗದ ದಾರಿಯನ್ನು ಹಿಂದಿನವರು ಆರಿಸಿಕೊಳ್ಳಬೇಕು. ಹಿಮಕ್ಕೂ ಜನಸಂದಣಿಗೂ ತಕ್ಕ ವೇಗದಲ್ಲಿ ಹೋಗಬೇಕು ಅನ್ನುವುದೂ ಅದರಲ್ಲೇ ಇದೆ. ನೀವು ನೋಡಿಕೊಳ್ಳಬೇಕಾದದ್ದು, ನಿಂತು ಮತ್ತೆ ಹೊರಡುವಾಗ ಮೇಲೆ ನೋಡುವುದು, ಮತ್ತು ಏಣಿನ ಮರೆಯಲ್ಲಿ ನಿಲ್ಲದಿರುವುದು.

ಪ್ರಶ್ನೆ: ಬಿದ್ದಾಗ ಮಂಡಿಯಲ್ಲಿ ಟಪ್ ಅಂತ ಸದ್ದಾಯಿತು. ಹತ್ತು ನಿಮಿಷ ಕೂತಮೇಲೆ ನಡೆಯಲು ಬಂತು. ಮಾರನೆ ದಿನ ಮತ್ತೆ ಸ್ಕೀ ಮಾಡಲಾ?

ಉತ್ತರ: ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ಟಪ್ ಅನ್ನುವ ಸದ್ದು, ಕೆಲವೇ ಗಂಟೆಯಲ್ಲಿ ಬರುವ ಊತ, ನಡೆಯುವಾಗ ಮಂಡಿ ಕೈಕೊಟ್ಟಂತೆ ಅನ್ನಿಸುವುದು, ಈ ಮೂರೂ ಎಸಿಎಲ್ ಹರಿದಿರುವ ಲಕ್ಷಣ. ನೋವು ಇಳಿದ ಮಾತ್ರಕ್ಕೆ ಲಿಗಮೆಂಟ್ ಕೂಡಿಕೊಂಡಿರುವುದಿಲ್ಲ, ನಡೆಯಲು ಬರುವುದೂ ಪುರಾವೆಯಲ್ಲ. ತಲೆಗೆ ಪೆಟ್ಟಾದಾಗಲೂ ಅಷ್ಟೇ, ಹೆಲ್ಮೆಟ್ ಇದ್ದರೂ ತಲೆನೋವು, ವಾಕರಿಕೆ, ಮಂಕು ಇದ್ದರೆ ಆ ದಿನದ ಸ್ಕೀಯಿಂಗ್ ಮುಗಿಯಿತು.

ಮತ್ತೆ ಹೀಗಾದರೆ ಅಲ್ಲಿಂದ ಸ್ಕೀ ಮಾಡಿಕೊಂಡು ಕೆಳಗೆ ಬರಲು ನೋಡಬೇಡಿ. ಜೊತೆಯವರು ನಿಮ್ಮಿಂದ ಸ್ವಲ್ಪ ಮೇಲೆ ಎರಡು ಸ್ಕೀಯನ್ನು ಅಡ್ಡಡ್ಡ ನೆಡಲಿ, ಬರುವವರಿಗೆ ದೂರದಿಂದ ಕಾಣುತ್ತದೆ. ಹತ್ತಿರದ ಕಂಬದ ಮೇಲೆ ದಾರಿಯ ಹೆಸರೋ ಸಂಖ್ಯೆಯೋ ಇದ್ದರೆ ಅದನ್ನು ಹೇಳಿ ಸ್ಕೀ ಪ್ಯಾಟ್ರೋಲ್‌ಗೆ, ಅಂದರೆ ಇಳಿಜಾರಿನ ರಕ್ಷಣಾ ತಂಡಕ್ಕೆ, ಫೋನ್ ಮಾಡಲಿ. ಬೂಟು ಬಿಚ್ಚಬೇಡಿ. ಜಾಕೆಟ್ಟಿನ ಜಿಪ್ ಏರಿಸಿಕೊಂಡು, ಹಿಮಕ್ಕೂ ಮೈಗೂ ನಡುವೆ ಒಂದು ಬ್ಯಾಗೋ ಬಟ್ಟೆಯೋ ಹಾಕಿಕೊಂಡು ಕೂತಿರಿ. ಅವರು ಸ್ಲೆಡ್ ತಂದು ಇಳಿಸುತ್ತಾರೆ.