ಹರಳೆಣ್ಣೆಯನ್ನು ಕಾರ್ಖಾನೆಗಳಲ್ಲಿ ಯಾವುದಕ್ಕೆ ಬಳಸುತ್ತಾರೆ?

ನೆತ್ತಿಗೆ ಹಚ್ಚುವ ಹರಳೆಣ್ಣೆ ಕಾರ್ಖಾನೆಗಳಿಗೂ ಬೇಕೇ ಬೇಕು. ಇದರ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಯಿಕ್ ಆಮ್ಲ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳ ಆಮ್ಲಗಳಲ್ಲಿ ಕಾಣದ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ, ಜಲಜನಕ ಪರಮಾಣುಗಳ ಜೋಡಿ) ಇದರಲ್ಲಿದೆ. ಎಣ್ಣೆ ಅಷ್ಟು ಮಂದವಾಗಿರುವುದು ಅದರಿಂದಲೇ.

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ ನೈಲಾನ್ 11 ಎಂಬ ಪ್ಲಾಸ್ಟಿಕ್. ಎಣ್ಣೆಗೆ ಮೆಥನಾಲ್ ಸೇರಿಸಿ ಮಾಡಿದ ಮೀಥೈಲ್ ಎಸ್ಟರ್ ಎಂಬ ದ್ರವವನ್ನು 500 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿದರೆ ಎರಡು ತುಂಡಾಗುತ್ತದೆ. 11 ಇಂಗಾಲದ ಪರಮಾಣುಗಳಿರುವ ತುಂಡು ನೈಲಾನಿಗೆ, 7 ಇಂಗಾಲದ್ದು ಸುಗಂಧ ದ್ರವ್ಯಗಳಿಗೆ. ಲಾರಿಗಳ ಏರ್ ಬ್ರೇಕ್ ಪೈಪುಗಳಿಗೂ ಈ ನೈಲಾನ್ ಬಳಸುತ್ತಾರೆ, ಅಲ್ವಾ!

ಬೇರಿಂಗಿಗೆ ಹಾಕುವ ಲಿಥಿಯಂ ಗ್ರೀಸಿಗೂ ಇದೇ ಎಣ್ಣೆ ಮೂಲ. ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸುವ ಕ್ರೆಮೋಫೋರ್ ಕೂಡ ಹರಳೆಣ್ಣೆಯದ್ದೇ. ಆದರೆ ಕ್ರೆಮೋಫೋರಿನಿಂದ ಕೆಲವರಿಗೆ ಜೋರು ಅಲರ್ಜಿ ಆಗಬಹುದು. ಅದಕ್ಕೇ ಮೊದಲು ಸ್ಟೆರಾಯ್ಡ್ ಕೊಡುತ್ತಾರೆ.